ಒಳ್ಳೆಯವರ ದಾರಿಗೆ ಅಡ್ಡ ನಿಂತ ಮನೆ

ಆ ಶನಿವಾರ ಮಧ್ಯಾಹ್ನ ಪರ್ತ್ ಹೊರವಲಯದ ಎಲೆನ್‌ಬ್ರೂಕ್‌ನಲ್ಲಿ ನನ್ನ ಹೊಸ ಮನೆಯ ಮುಂದೆ ನಾವು ನಾಲ್ಕು ಜನ ನಿಂತಿದ್ದೆವು. ನಾನು, ಬ್ರಿಸ್ಬೇನ್‌ನಿಂದ ಬಂದಿದ್ದ ಅಣ್ಣ, ಅತ್ತಿಗೆ, ಮತ್ತು ಅಡಿಲೇಡ್‌ನಿಂದ ಬಂದಿದ್ದ ಒಬ್ಬರು ಅಂಕಲ್. ಅಂಕಲ್ ನಮ್ಮ ಅಪ್ಪನ ಸ್ನೇಹಿತರು, ಮೈಸೂರಿನಲ್ಲಿ ನಮ್ಮ ಬೀದಿಯವರೇ. ಈಗ ಅಡಿಲೇಡ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ವಾಸ್ತು ಬಲ್ಲವರೆಂದು ಅಲ್ಲಿನ ಕನ್ನಡದವರು ಮನೆ ನೋಡಲು ಹೊರಟಾಗಲೆಲ್ಲ ಅವರನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಬೇಲಿಯ ಆಚೆ ಇನ್ನೊಬ್ಬರು ಇದ್ದರು: ಪಕ್ಕದ ಮನೆಯ ಐರಿಷ್ ಅಜ್ಜಿ. ಗುಲಾಬಿ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುತ್ತಾ ನಮ್ಮನ್ನೇ ನೋಡುತ್ತಿದ್ದರು. ಒಂದೇ ಗಿಡಕ್ಕೆ ಬಹಳ ಹೊತ್ತಿನಿಂದ ನೀರು ಬೀಳುತ್ತಿತ್ತು.

ಅತ್ತಿಗೆಯ ಚೀಲದಲ್ಲಿ ಹಾಲು, ಹೊಸ ಪಾತ್ರೆ, ತೆಂಗಿನಕಾಯಿ. ನನ್ನ ಕೈಯಲ್ಲಿ ಬೀಗದ ಕೈ. ಒಳಗೆ ಹೋಗಿ ಹಾಲು ಉಕ್ಕಿಸುವುದೊಂದೇ ಬಾಕಿ.

ಅಣ್ಣ ಮನೆಯ ಕಡೆ ನೋಡಲಿಲ್ಲ. ಮನೆಗೆ ಬೆನ್ನು ಹಾಕಿ, ರಸ್ತೆಯ ಕಡೆ ನೋಡುತ್ತಾ ನಿಂತ.

"ಪುಟ್ಟಿ, ಇದೇನೇ ಇದು? ಫೋಟೋದಲ್ಲಿ ಈ ರಸ್ತೆ ಇರ್ಲಿಲ್ವಲ್ಲ!"

"ಫೋಟೋ ತೆಗೆದೋನು ಅದರ ಮೇಲೇ ನಿಂತಿದ್ದ ಅಣ್ಣ. ಕಾಲ ಕೆಳಗಿರೋದು ಫೋಟೋದಲ್ಲಿ ಹೆಂಗೆ ಬೀಳತ್ತೆ?"

ಅವನಿಗೆ ನಗು ಬರಲಿಲ್ಲ. ಅಂಕಲ್ ಅಷ್ಟರಲ್ಲಿ ಫೋನಿನಲ್ಲಿ ದಿಕ್ಸೂಚಿ ತೆರೆದು, ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಒಂದು ಸುತ್ತು ತಿರುಗಿದರು.

"ಪೂರ್ವದ ಬಾಗಿಲು, ಬೇಡ ಅನ್ನಲ್ಲ," ಅಂದರು. "ಆದ್ರೆ ರಸ್ತೆ ನೋಡಮ್ಮ. ಅಷ್ಟು ದೂರದಿಂದ ನೆಟ್ಟಗೆ ಓಡಿ ಬಂದು ಬಾಗಿಲಿಗೇ ಹೊಡೀತಾ ಇದೆ. ವೀಥಿಶೂಲ. ಇದು ಮನೆ ಅಲ್ಲ ಮಗಳೇ, ಗುರಿಹಲಗೆ."

ರಸ್ತೆ ನಿಜಕ್ಕೂ ಹಾಗೇ ಬರುತ್ತಿತ್ತು. ನೇರ ಬಂದು, ನನ್ನ ಮನೆಯ ಮುಂದೆ ಮುಗಿದು, ಎಡಕ್ಕೆ ಬಲಕ್ಕೆ ಕವಲಾಗುತ್ತಿತ್ತು. ಅಂಥ ಮನೆಯನ್ನು ನಮ್ಮವರು ಕೊಳ್ಳುವುದಿಲ್ಲ. ಕೊಂಡವರು ಯಾರಾದರೂ ಇದ್ದರೆ ಅವರಿಗೆ ಮುಂದೆ ಏನಾಯಿತು ಎಂಬ ಕಥೆ ಎಲ್ಲರ ಬಳಿಯೂ ಒಂದೊಂದು ಇರುತ್ತದೆ. ನಾನು ಕೊಂಡದ್ದು ಆ ರಸ್ತೆಗಾಗಿಯೇ. ಬಾಗಿಲು ತೆಗೆದರೆ ಎದುರಿಗೆ ಇನ್ನೊಬ್ಬರ ಗ್ಯಾರೇಜು ಇಲ್ಲ. ಉದ್ದಕ್ಕೂ ರಸ್ತೆ, ಎರಡು ಕಡೆ ನೀಲಗಿರಿ ಜಾತಿಯ ಗಮ್ ಮರಗಳು, ಕೊನೆಯಲ್ಲಿ ನೀಲಿ ಗುಡ್ಡಗಳ ಸಾಲು. ಬೆಳಗಿನ ಸೂರ್ಯ ಆ ಸಾಲಿನ ಹಿಂದಿನಿಂದ ಎದ್ದು ನೆಟ್ಟಗೆ ನನ್ನ ಅಡುಗೆಮನೆಯ ಗೋಡೆಗೆ ಬರುತ್ತಾನೆ. ಅವನಿಗೂ ಅಡ್ಡದಾರಿ ಬೇಕಿಲ್ಲ.

ನಾನು ಪರ್ತ್‌ನ ಒಂದು ಕ್ಲಿನಿಕ್ಕಿನಲ್ಲಿ ಡಾಕ್ಟರು. ಮದುವೆಯಾಗಲಿಲ್ಲ. ಯಾರೂ ಸಿಗಲಿಲ್ಲ ಅಂತಲ್ಲ, ಬೇಕು ಅನ್ನಿಸಲಿಲ್ಲ. ವರ್ಷಗಟ್ಟಲೆ ಬಾಡಿಗೆ ಮನೆಗಳಲ್ಲಿ ಇದ್ದು, ಗೋಡೆಗೆ ಒಂದು ಮೊಳೆ ಹೊಡೆಯಲೂ ಯಾರನ್ನೋ ಕೇಳಿ, ಕೊನೆಗೆ ಐವತ್ತು ದಾಟಿದ ಮೇಲೆ ನನ್ನದು ಅಂತ ಒಂದು ಮನೆ ಮಾಡಿಕೊಂಡಿದ್ದೆ. ಮದುವೆಯಾದವಳಿಗೆ ತವರು ವರ್ಷಕ್ಕೊಮ್ಮೆ ಹೋಗಿ ಬರುವ ಜಾಗ. ಮದುವೆಯಾಗದವಳಿಗೆ ಅದೇ ಹಿಂದೆ, ಅದೇ ಮುಂದೆ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನ ತವರು ಅಂದರೆ ಬ್ರಿಸ್ಬೇನ್‌ನ ಅಣ್ಣನ ಮನೆ. ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಅವನ ಆಫೀಸು. ಕಟ್ಟಡಗಳ ಲೆಕ್ಕ ಹಾಕುವ ಎಂಜಿನಿಯರು. ಗಾಳಿ ಎಷ್ಟು ಬೀಸಿದರೆ ಕಂಬ ಎಷ್ಟು ಬಾಗುತ್ತದೆ ಎಂದು ಹೇಳಬಲ್ಲವನು, ರಸ್ತೆ ಕಂಡು ಬೆವರುತ್ತಿದ್ದ.

ಅದಕ್ಕೆ ಕಾರಣ ಇತ್ತು. ನಾವು ಮಕ್ಕಳಾಗಿದ್ದಾಗ ಮೈಸೂರಿನಲ್ಲಿ ಇಂಥದ್ದೇ ಒಂದು ಮನೆಗೆ ಬಾಡಿಗೆಗೆ ಹೋಗಿದ್ದೆವು, ರಸ್ತೆ ನೆಟ್ಟಗೆ ಬಂದು ಬಾಗಿಲಿಗೆ ಸೇರುವಂಥದ್ದು. ಆ ಮನೆಗೆ ಹೋದ ವರ್ಷವೇ ಅಪ್ಪ ತೀರಿಕೊಂಡರು. ಅಣ್ಣ ಹೈಸ್ಕೂಲಿನಲ್ಲಿದ್ದ. ವೈಕುಂಠ ಸಮಾರಾಧನೆಯ ದಿನ ಇದೇ ಅಂಕಲ್ ಅಮ್ಮನಿಗೆ, "ಮನೆ ಆಗಿ ಬರ್ಲಿಲ್ಲ ತಾಯಿ," ಅಂದರು. ಸಮಾಧಾನಕ್ಕೆ ಅಂದದ್ದು. ಅಣ್ಣ ಅದನ್ನು ಕೇಳಿಸಿಕೊಂಡ. ನನಗೆ ಆ ಮನೆಯ ಬಗ್ಗೆ ಇರುವ ನೆನಪೇ ಬೇರೆ. ಹೊಸಿಲ ಮೇಲೆ ಕೂತರೆ ಬೀದಿಯ ಆ ತುದಿಯಿಂದ ಬರುವ ತರಕಾರಿ ಗಾಡಿಯೂ, ಪೋಸ್ಟ್‌ಮ್ಯಾನೂ, ಸೈಕಲ್ ಮೇಲೆ ಅಪ್ಪನೂ ಮೊದಲು ನನಗೇ ಕಾಣುತ್ತಿದ್ದರು.

"ನಾನಂತೂ ಒಳಗೆ ಕಾಲಿಡಲ್ಲ," ಅಂದ ಅಣ್ಣ. "ನೀನೂ ಇಡಬೇಡ. ಮಾರಿಬಿಡು. ಬ್ರಿಸ್ಬೇನ್‌ಗೆ ಬಾ. ಪಕ್ಕದ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ಡಾಕ್ಟರಿಗೇನು ಕೆಲಸ ಇಲ್ವಾ? ನಮ್ಮನೇಲಿ ಮೇಲ್ಗಡೆ ರೂಮು ಖಾಲಿ ಬಿದ್ದಿದೆ."

ಆ ಬಿಸಿಲಿನಲ್ಲಿ ಹಾಲು ಕೆಡುತ್ತದೆಂದು ನನಗೆ ಚಿಂತೆ. ಬೇಲಿಯ ಆಚೆಯಿಂದ ಪೈಪು ನಿಂತ ಸದ್ದು ಕೇಳಿತು.

"ನಿಮ್ಮ ಮನೆಗೆ ಹೋಗೋ ಯೋಚನೆ ಇಲ್ಲ ಅಂದ್ರೆ ನಮ್ಮ ಮನೆಗಾದ್ರೂ ಬನ್ನಿ," ಅಂದರು ಐರಿಷ್ ಅಜ್ಜಿ. "ಟೀ ಮಾಡ್ತೀನಿ. ಜಗಳ ನೆರಳಲ್ಲಿ ಕೂತು ಆಡಿದ್ರೆ ಚೆನ್ನ."

ಅವರು ಮಾತಾಡಿದ್ದು ಇಂಗ್ಲಿಷಿನಲ್ಲೇ. ಆದರೆ ಅವರ ಮಾತು ನನಗೆ ನೆನಪಿರುವುದು ಕನ್ನಡದಲ್ಲಿ, ಅದೂ ನನಗೆ ಮಾತು ಕಲಿಸಿದ ನನ್ನ ಅಪ್ಪನ ತಾಯಿಯ ಕನ್ನಡದಲ್ಲಿ. ಇಬ್ಬರೂ ಕತೆಯ ನಡುವೆ ನಿಲ್ಲಿಸಿ ಲೋಟ ಸರಿಸುವುದೂ ಒಂದೇ ಥರ. ಹಾಗಾಗಿ ಹಾಗೇ ಬರೆಯುತ್ತೇನೆ.

ಅಜ್ಜಿ ಐರ್ಲೆಂಡಿನ ಪಶ್ಚಿಮದ ಕಡೆಯ ಹಳ್ಳಿಯವರು. ಹೆರಿಗೆ ಮಾಡಿಸುವ ನರ್ಸಾಗಿ ಚಿಕ್ಕ ವಯಸ್ಸಿನಲ್ಲೇ ಪರ್ತ್‌ಗೆ ಬಂದವರು. ನಾನು ಮನೆ ನೋಡಲು ಬಂದ ಮೊದಲ ದಿನವೇ ಬೇಲಿಯ ಮೇಲಿನಿಂದ ನನ್ನ ಕುಲಗೋತ್ರ ಎಲ್ಲ ಕೇಳಿ ತಿಳಿದುಕೊಂಡಿದ್ದರು. ಈಗ ನಮ್ಮನ್ನು ಅಡುಗೆಮನೆಯ ಮೇಜಿನ ಸುತ್ತ ಕೂರಿಸಿ, ಟೀ ಪಾತ್ರೆಯ ಮೇಲೆ ಉಣ್ಣೆಯ ಕುಲಾವಿ ಹೊದಿಸಿಟ್ಟು, "ಈಗ ಹೇಳಿ, ಆ ಮನೆಗೆ ಏನಾಗಿದೆ?" ಅಂದರು.

ಅಂಕಲ್ ಗಂಭೀರವಾಗಿ ವಿವರಿಸಿದರು. ರಸ್ತೆಯಲ್ಲಿ ಬರುವುದು ಕಾರು ಮಾತ್ರವಲ್ಲ. ಒಳ್ಳೆಯದೂ ಕೆಟ್ಟದ್ದೂ ಬರುತ್ತದೆ. ದಾರಿಗೆ ಅಡ್ಡವಾಗಿ ಮನೆ ನಿಂತರೆ ಎಲ್ಲ ಬಂದು ಅದಕ್ಕೇ ಬಡಿಯುತ್ತದೆ. ಅಜ್ಜಿ ನಗುತ್ತಾರೆಂದು ನಾನು ಕಾದೆ. ಅವರು ತಲೆ ಆಡಿಸಿದರು.

"ಅದು ನಿಜ. ದಾರಿಯ ಮೇಲೆ ಮನೆ ಕಟ್ಟಬಾರದು."

ಅಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತ. "ನಿಮ್ಮಲ್ಲೂ ಇದ್ಯಾ?"

"ನಮ್ಮಲ್ಲಿ ಇಲ್ಲದೆ ಏನು? ನಮ್ಮಪ್ಪನ ಹೊಲದ ನಡುವೆ ಒಂದು ಕೋಟೆ ಇತ್ತು."

ಕೋಟೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬುರುಜು, ಫಿರಂಗಿ ಬಂದಿರಬೇಕು. ಅಜ್ಜಿ ಮೇಜಿನ ಮೇಲೆ ಬೆರಳಿನಿಂದ ಒಂದು ವೃತ್ತ ಎಳೆದರು. ಹೊಲದ ನಡುವೆ ಎದೆಯೆತ್ತರದ ಮಣ್ಣಿನ ಏರಿ, ಗುಂಡಗೆ ಸುತ್ತಿ ಬಂದು ತನ್ನನ್ನು ತಾನೇ ಕೂಡಿಕೊಳ್ಳುತ್ತದೆ. ಏರಿಯ ಮೇಲೆ ಮುಳ್ಳಿನ ಮರಗಳು, ಮೇ ತಿಂಗಳಲ್ಲಿ ಮೈತುಂಬ ಬಿಳಿ ಹೂವು. ಒಳಗೆ ಹುಲ್ಲು, ಅಷ್ಟೆ. ಓದಿದವರು ಹೇಳುವ ಪ್ರಕಾರ ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಜನ ದನಕರು ಕಟ್ಟಿಕೊಂಡು ಬದುಕಿದ ಹಟ್ಟಿ ಅದು. ಹಳ್ಳಿಯವರು ಹೇಳುವ ಪ್ರಕಾರ ಹಟ್ಟಿ ಈಗಲೂ ಖಾಲಿಯಾಗಿಲ್ಲ. ಅಲ್ಲಿರುವವರು ಕಣ್ಣಿಗೆ ಕಾಣದ ಯಕ್ಷರಂಥ ಜನ, ಅವರ ಹೆಸರು ಹೇಳುವಂತಿಲ್ಲ, ‘ಒಳ್ಳೆಯವರು’ ಅನ್ನಬೇಕು. ಮೈಸೂರಿನ ನಮ್ಮ ಅಜ್ಜಿ ಹಾವನ್ನು ‘ಹುಳ’ ಅನ್ನುತ್ತಿದ್ದ ಹಾಗೆ. ಐರಿಷ್ ಅಜ್ಜಿಯ ಅಪ್ಪ ನೇಗಿಲು ಹೊಡೆಯುವಾಗ ಕೋಟೆಯನ್ನು ಬಳಸಿಕೊಂಡೇ ಹೋಗುತ್ತಿದ್ದರಂತೆ. ಆ ಮರದ ಒಂದು ಕಡ್ಡಿಯನ್ನೂ ಮನೆಯೊಳಗೆ ತರುವಂತಿಲ್ಲ. ಅವರ ಅಮ್ಮ ಮುಸ್ಸಂಜೆ ಪಾತ್ರೆ ತೊಳೆದ ನೀರನ್ನು ಅಂಗಳಕ್ಕೆ ಎಸೆಯುವ ಮುಂಚೆ, "ನೀರು ಬರ್ತಾ ಇದೆ, ಸರ್ಕೊಳ್ಳಿ!" ಎಂದು ಕತ್ತಲಿಗೆ ಕೂಗಿ ಹೇಳುತ್ತಿದ್ದರಂತೆ. ಹೋಗುತ್ತಿರುವವರ ಬಟ್ಟೆ ನೆನೆಯಬಾರದಲ್ಲ.

"ಒಂದು ಕೋಟೆಯಿಂದ ಇನ್ನೊಂದು ಕೋಟೆಗೆ ಅವರಿಗೆ ದಾರಿ ಇರತ್ತೆ," ಅಂದರು. "ನಮ್ಮ ಕಣ್ಣಿಗೆ ಕಾಣದ ದಾರಿ. ಅದಕ್ಕೇ ಮನೆ ಕಟ್ಟೋ ಮುಂಚೆ ನಾಲ್ಕು ಮೂಲೆಗೂ ಕಲ್ಲು ಒಟ್ಟಿ ಇಟ್ಟು ಬಿಡೋರು. ಬೆಳಿಗ್ಗೆ ಬಂದು ನೋಡಿದಾಗ ಒಂದು ಕಲ್ಲು ಬಿದ್ದಿದ್ರೂ ಅಲ್ಲಿ ಕಟ್ತಿರ್ಲಿಲ್ಲ."

ಅಣ್ಣನ ಮುಖ ಅರಳಿತು. "ನೋಡಿದ್ಯಾ ಪುಟ್ಟಿ? ನೋಡಿದ್ಯಾ? ಐರ್ಲೆಂಡಿನವರೂ ಅದನ್ನೇ ಹೇಳ್ತಾರೆ! ಯುರೋಪಿನಲ್ಲೂ ಇದೆ ಅಂದ್ಮೇಲೆ ಇದಕ್ಕೆ ಏನೋ ಒಂದು ಸೈಂಟಿಫಿಕ್ ಬೇಸಿಸ್ ಇರ್ಲೇಬೇಕು."

"ಅಣ್ಣ, ನೀನು ಎಂಜಿನಿಯರು."

"ಅದಕ್ಕೇ ಹೇಳ್ತಿರೋದು!"

ಅಂಕಲ್‌ಗೂ ಸಂತೋಷ. ಇಷ್ಟು ದೂರದ ಸೀಮೆಯಿಂದ ಸಾಕ್ಷಿ ಸಿಕ್ಕಿತಲ್ಲ. "ನಮ್ಮ ಶಂಕುಸ್ಥಾಪನೆನೇ ಅದು," ಅಂದು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಅಜ್ಜಿ ಲೋಟ ಸರಿಸಿದರು. "ನನ್ನ ಕತೆ ಇನ್ನೂ ಮುಗಿದಿಲ್ಲಪ್ಪ," ಅಂದರು. "ನಮ್ಮಪ್ಪ ಮದುವೆಯಾದ ಹೊಸದರಲ್ಲಿ ಆತುರಕ್ಕೆ ಬಿದ್ದು ಕಲ್ಲು ಇಡದೇ ಮನೆ ಕಟ್ಟಿದ್ದ. ಎರಡು ಕೋಟೆಯ ನಡುವೆ, ಸರಿಯಾಗಿ ದಾರಿಯ ಮೇಲೆ. ಕೋಳಿ ಮೊಟ್ಟೆ ಇಡಲಿಲ್ಲ. ಬಾಗಿಲು ತಾನಾಗೇ ಬಡ್ಕೊಳೋದು. ನನ್ನ ತಮ್ಮ ಹುಟ್ಟಿದ, ಹುಟ್ಟಿದಾಗಿಂದ ಕೆಮ್ಮು. ಊರವರೆಲ್ಲ ಸೇರಿ ಮನೆ ಕೆಡವಿಬಿಡು ಅಂದ್ರು. ನಮ್ಮಪ್ಪ ಹಾರೆ ತಗೊಂಡು ಹೊರಟೇಬಿಟ್ಟಿದ್ದ."

"ಕೆಡವಿದ್ರಾ?" ಎಂದರು ಅತ್ತಿಗೆ. ಅಷ್ಟು ಹೊತ್ತಿನಲ್ಲಿ ಅವರು ಆಡಿದ ಮೊದಲ ಮಾತು ಅದು.

"ನಮ್ಮಜ್ಜಿ ಬಿಡಲಿಲ್ಲ. ‘ಅವರಿಗೆ ಬೇಕಾಗಿರೋದು ನಿನ್ನ ಮನೆ ಅಲ್ವೋ, ದಾರಿ. ಸಂಜೆ ಆದ ಕೂಡಲೇ ಮುಂದಿನ ಬಾಗಿಲೂ ತೆಗಿ, ಹಿಂದಿನ ಬಾಗಿಲೂ ತೆಗಿ. ಅವರ ಪಾಡಿಗೆ ಅವರು ಹೋಗ್ತಾರೆ’ ಅಂದಳು. ಅವತ್ತಿಂದ ದಿನಾ ಎರಡೂ ಬಾಗಿಲು ತೆಗೀತಿದ್ವಿ. ಚಳಿಗಾಲದಲ್ಲಿ ಒಳಗೆ ಮೂಳೆ ಕೊರೆಯೋದು, ಆದ್ರೂ ತೆಗೀತಿದ್ವಿ."

"ತಮ್ಮನ ಕೆಮ್ಮು?" ಅಂದೆ ನಾನು. ಡಾಕ್ಟರ ಬುದ್ಧಿ.

"ವಸಂತ ಬಂದಾಗ ನಿಂತಿತು. ಮಕ್ಕಳ ಕೆಮ್ಮು ನಿಲ್ಲತ್ತಲ್ಲ, ಹಾಗೆ." ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಆ ಮನೆ ಈಗಲೂ ನಿಂತಿದೆ. ಕೋಟೆ ಇಲ್ಲ. ಅದೇ ತಮ್ಮ ದೊಡ್ಡವನಾದ ಮೇಲೆ ಯಂತ್ರ ತರಿಸಿ ಕೋಟೆಯನ್ನ ಸಪಾಟು ಮಾಡಿಸಿದ. ಹೊಲ ಒಂದೇ ಆಗಲಿ ಅಂತ. ನಾನು ಇಲ್ಲಿಂದ ಫೋನ್ ಮಾಡಿ ಅತ್ತೆ, ಬೈದೆ. ಕೇಳಲಿಲ್ಲ. ಅವತ್ತಿಂದ ಅವನ ಹತ್ರ ಮಾತಿಲ್ಲ."

ಅಂಕಲ್ ಮುಂದೆ ಬಾಗಿದರು. ಇಂಥ ಕತೆಗಳ ಕೊನೆ ಅವರಿಗೆ ಗೊತ್ತು. "ಆಮೇಲೆ ಅವರಿಗೆ ಏನಾಯ್ತು?"

"ಏನೂ ಆಗಲಿಲ್ಲ," ಅಂದರು ಅಜ್ಜಿ. "ಗುಂಡುಕಲ್ಲಿನ ಹಾಗಿದ್ದಾನೆ. ಹನ್ನೊಂದು ಜನ ಮೊಮ್ಮಕ್ಕಳು. ನನಗೆ ಕೋಪ ಇರೋದೇ ಅದಕ್ಕೆ."

ಅಂಕಲ್ ಕೈಯ ಬಿಸ್ಕತ್ತು ಟೀಯಲ್ಲಿ ಬಿತ್ತು.

"ಹಾಗಾದ್ರೆ ನೀವು ನಂಬ್ತೀರೋ ಇಲ್ವೋ?" ಎಂದು ಕೇಳಿದ ಅಣ್ಣ. ಅವನ ಸಾಕ್ಷಿ ಕೈ ತಪ್ಪಿ ಹೋಗುತ್ತಿತ್ತು.

"ನಂಬೋದು ಚರ್ಚಿನಲ್ಲಿ. ಇದು ಮರ್ಯಾದೆ ವಿಷಯ. ನಮಗಿಂತ ಮುಂಚೆ ಇದ್ದವರು ಅವರು. ಪಕ್ಕದಲ್ಲೇ ಹಾದು ಹೋಗ್ತಾರೆ. ದಾರಿ ಬಿಡಬೇಕು. ಹೆದರಿಕೊಂಡು ಬಿಡೋದಲ್ಲ. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟು ಬಿಡಲ್ವಾ, ಹಾಗೆ."

ನನಗೆ ಒಳಗೆ ಏನೋ ಸಡಿಲವಾಯಿತು. ಚಿಕ್ಕಂದಿನಿಂದ ಕೇಳಿದ್ದನ್ನೆಲ್ಲ ನಾನು ಎರಡೇ ರಾಶಿ ಮಾಡಿಟ್ಟಿದ್ದೆ. ಒಂದು ನಂಬುವವರದ್ದು, ಇನ್ನೊಂದು ನಗುವವರದ್ದು. ಡಾಕ್ಟರಾದ ಮೇಲೆ ನಗುವವರ ಕಡೆ ಇರಲೇಬೇಕು ಅಂದುಕೊಂಡಿದ್ದೆ. ಬಿಸಿನೀರನ್ನು ನೆಲಕ್ಕೆ ಚೆಲ್ಲುವ ಮುಂಚೆ ಒಂದು ಕ್ಷಣ ನಿಲ್ಲುತ್ತಿದ್ದ ನನ್ನ ಅಜ್ಜಿ ಯಾರಿಗೂ ಹೆದರಿ ನಿಲ್ಲುತ್ತಿರಲಿಲ್ಲ. ಯಾವುದೋ ಇರುವೆಗೆ, ಯಾವುದೋ ಹುಳಕ್ಕೆ ಆಚೆ ಹೋಗಲು ಬಿಡುತ್ತಿದ್ದಳು. ಅದನ್ನು ಹೆದರಿಕೆ ಅಂತ ಬರೆದುಕೊಂಡವರು ನಾವು. ಇನ್ನು ದಾರಿಯ ಮಾತಿಗೆ ಬಂದರೆ, ಎಲೆನ್‌ಬ್ರೂಕ್‌ನ ಈ ಬಡಾವಣೆಗೆ ನಕ್ಷೆ ಬರೆಯುವ ಎಷ್ಟೋ ಕಾಲ ಮುಂಚೆ ಈ ನೆಲದಲ್ಲಿ ಓಡಾಡಿದ ಮೂಲನಿವಾಸಿಗಳು ಇದ್ದಾರೆ, ಈಗಲೂ ಇದ್ದಾರೆ. ಅವರ ಕತೆ ಅವರು ಹೇಳಬೇಕು, ನನ್ನ ಬಾಯಿಗೆ ಅದು ಸಲ್ಲದು. ಆದರೆ ಇಲ್ಲಿ ದಾರಿಗೆ ಅಡ್ಡ ನಿಲ್ಲದ ಮನೆ ಯಾವುದಿದೆ ಎಂದು ಮಾತ್ರ ಯಾರಾದರೂ ನನಗೆ ತೋರಿಸಲಿ.

"ಏಳಿ," ಅಂದೆ. "ಹಾಲು ಉಕ್ಕಿಸಬೇಕು. ಸಂಜೆ ಆಯ್ತು."

ಯಾರೂ ಏಳಲಿಲ್ಲ. ನಾನು ಅತ್ತಿಗೆಯ ಕೈಯಿಂದ ಚೀಲ ತೆಗೆದುಕೊಂಡು ಹೊರಟೆ. ಅಜ್ಜಿ ಚಪ್ಪಲಿ ಹುಡುಕಿಕೊಂಡು ನನ್ನ ಹಿಂದೆಯೇ ಬಂದರು. ಅಣ್ಣ, ಅತ್ತಿಗೆ, ಅಂಕಲ್ ರಸ್ತೆಯ ಅಂಚಿನವರೆಗೆ ಬಂದು ನಿಂತರು.

"ಪುಟ್ಟಿ, ಒಳಗೆ ಹೋದ್ರೆ ನನ್ನ ಮನೆಗೆ ಬರಬೇಡ ನೀನು," ಎಂದು ಅಣ್ಣ ಕೂಗಿದ. ಅವನ ಧ್ವನಿ ಒಡೆದುಹೋಗಿತ್ತು. ಕೋಪದ ಧ್ವನಿಯಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಬೀಗ ತೆಗೆದು ಬಲಗಾಲಿಟ್ಟು ಒಳಗೆ ಹೋದೆ.

ಹೊಸ ಒಲೆಯ ಮೇಲೆ ಹಾಲು ಇಟ್ಟೆವು. ಪೂರ್ವಕ್ಕೆ ಉಕ್ಕಿದರೆ ಒಳ್ಳೆಯದಂತೆ. ನನ್ನ ಹಾಲು ನಾಲ್ಕು ದಿಕ್ಕಿಗೂ ಉಕ್ಕಿ, ಗಾಜಿನ ಒಲೆಯ ಮೇಲೆ ಸೀದು, ಹೊಗೆ ಎದ್ದು, ಚಾವಣಿಯ ಅಲಾರಂ ಕಿರುಚತೊಡಗಿತು. ಅಜ್ಜಿ ಪೊರಕೆಯ ಹಿಡಿಯಿಂದ ಅದನ್ನು ಒತ್ತಲು ಹೋದರು, ನಾನು ಟವೆಲ್ ಬೀಸುತ್ತಾ ಕುಣಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. "ನಿಮ್ಮಲ್ಲಿ ಗಂಟೆ ಬಾರಿಸೋದು ಹೀಗಾ?" ಎಂದು ಕೇಳಿದರು.

ಕಿಟಕಿಯ ಹತ್ತಿರದ ಕಟ್ಟೆಯ ಮೇಲೆ ದೇವರ ಫೋಟೋ ಇಟ್ಟು ದೀಪ ಹಚ್ಚಿದೆ. ಆಮೇಲೆ ಬಾಗಿಲಿನ ಪ್ರಶ್ನೆ. ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮುಂದಿನ ಬಾಗಿಲು ತೆರೆದು ಹಿತ್ತಿಲ ಬಾಗಿಲು ಹಾಕುವುದು ಪದ್ಧತಿ. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದು. ಆ ಸಂಜೆ ಎರಡನ್ನೂ ತೆಗೆದುಬಿಟ್ಟೆ. ಪಡುವಣದಿಂದ ಸಮುದ್ರದ ಗಾಳಿ ಆಗಷ್ಟೇ ನಮ್ಮ ಕಡೆಗೆ ಮುಟ್ಟಿತ್ತು. ಹಿತ್ತಿಲಿನಿಂದ ಒಳಗೆ ನುಗ್ಗಿ, ಸೀದ ಹಾಲಿನ ವಾಸನೆಯನ್ನೆಲ್ಲ ಎತ್ತಿಕೊಂಡು, ಮುಂಬಾಗಿಲಿನಿಂದ ರಸ್ತೆಗೆ ಹೋಯಿತು. ಹೋಗುವಾಗ ದೀಪವನ್ನೂ ಆರಿಸಿ ಹೋಯಿತು.

ರಸ್ತೆಯಿಂದ ಎಲ್ಲವೂ ಕಾಣುತ್ತಿತ್ತು. ನೇರ ರಸ್ತೆ ತಾನೆ.

"ದೀಪ ಆರ್ತು! ನೋಡಿದ್ಯಾ? ದೀಪ ಆರಿಹೋಯ್ತು!" ಅಣ್ಣ.

"ಹಿತ್ತಿಲ ಬಾಗಿಲು ಹಾಕಮ್ಮಾ! ಲಕ್ಷ್ಮಿ ಹೊರಟುಹೋಗ್ತಾಳೆ!" ಅಂಕಲ್.

ನಾನು ಮುಂಬಾಗಿಲಿಗೆ ಬಂದು ನಿಂತೆ. ಬೀದಿಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ದಂಪತಿಗಳು ನಿಂತು ನೋಡುತ್ತಿದ್ದರು. ನೋಡಲಿ ಅನ್ನಿಸಿತು.

"ಅಂಕಲ್, ಲಕ್ಷ್ಮಿ ಹಿಂದಿನ ಬಾಗಿಲಿಂದ ಕದ್ದು ಹೋಗೋ ಹೆಂಗಸಲ್ಲ. ಹೋಗೋದಿದ್ರೆ ನನಗೆ ಹೇಳಿ, ಮುಂದಿನಿಂದಲೇ ಹೋಗ್ತಾಳೆ," ಅಂದೆ. "ಅಣ್ಣ, ದೀಪ ಆರಿದ್ರೆ ದೀಪದ ಜಾಗ ಬದಲಾಯಿಸ್ತಾರೆ ಕಣೋ. ಮನೆ ಬದಲಾಯಿಸಲ್ಲ."

ದೀಪವನ್ನು ಫ್ರಿಜ್ಜಿನ ಮರೆಗೆ ಇಟ್ಟು ಇನ್ನೊಮ್ಮೆ ಹಚ್ಚಿದೆ. ನಿಂತಿತು. ತಿರುಗಿ ನೋಡಿದಾಗ ಅತ್ತಿಗೆ ರಸ್ತೆಯಿಂದ ಕಾರು ನಿಲ್ಲಿಸುವ ಇಟ್ಟಿಗೆಯ ಹಾಸಿನ ಮೇಲೆ ಒಂದು ಹೆಜ್ಜೆ ಇಟ್ಟಿದ್ದರು. ಅಣ್ಣ ಅವರ ಕಡೆ ನೋಡಿದ. ಅತ್ತಿಗೆ ಕಾಲು ಹಿಂದೆ ತೆಗೆದುಕೊಂಡರು. ಸ್ವಲ್ಪ ಹೊತ್ತಿಗೆ ಬಾಡಿಗೆ ಕಾರಿನಲ್ಲಿ ಮೂವರೂ ಹೊರಟುಹೋದರು. ಕಾರಿನ ಹಿಂದಿನ ಕೆಂಪು ದೀಪ ರಸ್ತೆಯ ಆ ತುದಿಯವರೆಗೂ ಕಂಡಿತು.

ಆಮೇಲಿನ ತಿಂಗಳುಗಳಲ್ಲಿ ಅಣ್ಣ ಫೋನ್ ಮಾಡಲಿಲ್ಲ. ಅಂಕಲ್ ಮಾತ್ರ ಬಿಡಲಿಲ್ಲ. ಪಾಪ, ಅವರಿಗೆ ನನ್ನ ಮೇಲೆ ಅಕ್ಕರೆ. ಅಡಿಲೇಡ್‌ನಿಂದ ದಿನಕ್ಕೊಂದು ಪರಿಹಾರ ವಾಟ್ಸಾಪ್‌ನಲ್ಲಿ ಬರುತ್ತಿತ್ತು. ಬಾಗಿಲ ಮೇಲೆ ಕನ್ನಡಿ. ಬೇಲಿಗೆ ಗಣಪತಿ. ರಸ್ತೆಗೆ ಎದುರಾಗಿ ಎತ್ತರದ ಗಿಡಗಳ ಸಾಲು. ಗಣಪತಿಯನ್ನು ಇಟ್ಟೆ, ಅವನು ಕೂತರೆ ನೋಡಲು ಚೆನ್ನ. ಗಿಡಗಳ ಸಾಲು ಇಡಲಿಲ್ಲ. ಗುಡ್ಡ ಮರೆಯಾಗುತ್ತದೆ.

ಒಂದು ಮಧ್ಯಾಹ್ನ ಸಾಮಾನು ತಲುಪಿಸುವ ವ್ಯಾನ್ ಒಂದು ತಿರುಗುವುದನ್ನು ಮರೆತು ನೆಟ್ಟಗೆ ಬಂದು ನನ್ನ ಅಂಚೆ ಪೆಟ್ಟಿಗೆಯನ್ನು ಉರುಳಿಸಿ, ಗಣಪತಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಹುಡುಗ ಫೋನು ನೋಡುತ್ತಿದ್ದನಂತೆ, ಇಳಿದು ಬಂದು ನಡುಗುತ್ತಾ ಕ್ಷಮೆ ಕೇಳಿದ. ಅವನಿಗೆ ನೀರು ಕೊಟ್ಟು ಕಳಿಸಿದೆ. ನಾನು ಯಾರಿಗೂ ಹೇಳಲಿಲ್ಲ, ಆದರೂ ಪರ್ತ್‌ನ ಕನ್ನಡದವರಿಂದ ಹೊರಟ ಸುದ್ದಿ ಅಡಿಲೇಡ್ ಹಾದು ಸಂಜೆಯೊಳಗೆ ಬ್ರಿಸ್ಬೇನ್ ತಲುಪಿತು. ಅಷ್ಟು ದಿನದ ಮೇಲೆ ಅಣ್ಣನ ಫೋನ್ ಬಂತು.

"ಈಗಲಾದ್ರೂ ಗೊತ್ತಾಯ್ತಾ?"

"ಗೊತ್ತಾಯ್ತು. ಅಂಚೆ ಪೆಟ್ಟಿಗೆ ಇನ್ನೂ ಸ್ವಲ್ಪ ಪಕ್ಕಕ್ಕೆ ಇಡ್ಬೇಕು."

"ತಮಾಷೆ ಮಾಡ್ಬೇಡ. ಯುಗಾದಿಗೆ ಬಾ. ಕೂತು ಮಾತಾಡೋಣ."

ಬರಬೇಡ ಅಂದವನೇ ಕರೆದ. ಹೋದೆ. ಹೋಗುವ ಮೊದಲು ಬೇಲಿಯ ಬಳಿ ಐರಿಷ್ ಅಜ್ಜಿಗೆ ವಿಷಯ ಹೇಳಿದೆ. ಅವರು ಪೈಪು ನಿಲ್ಲಿಸಿದರು.

"ನಾನು ಒಂದು ಸುತ್ತು ಮಣ್ಣಿಗೋಸ್ಕರ ತಮ್ಮನ್ನ ಕಳ್ಕೊಂಡೆ," ಅಂದರು. "ನಾನು ಮಾಡಿದ್ದು ಸರಿ, ಈಗಲೂ ಸರಿ ಅಂತಾನೇ ಹೇಳ್ತೀನಿ. ಆದ್ರೆ ಅವನು ಯಾಕೆ ಹಾಗೆ ಮಾಡಿದ ಅಂತ ಒಂದು ಸಲ ಕೇಳಬೇಕಿತ್ತು. ನೀನು ಬಿಟ್ಟುಕೊಡಬೇಡ. ಕೇಳು."

ಬ್ರಿಸ್ಬೇನ್‌ನಲ್ಲಿ ಹಬ್ಬದ ಊಟ. ಅತ್ತಿಗೆ ಒಬ್ಬಟ್ಟು ಮಾಡಿದ್ದರು. ಕೂತು ಎರಡು ತುತ್ತು ತಿನ್ನುವುದರೊಳಗೆ ಅಣ್ಣ ಶುರು ಮಾಡಿದ. ಇಪ್ಸ್‌ವಿಚ್‌ನಲ್ಲಿ ಯಾರನ್ನೋ ವಿಚಾರಿಸಿದ್ದಾನೆ, ಕೆಲಸ ಇದೆ. ಮನೆ ಮಾರುವುದಕ್ಕೆ ಪರ್ತ್‌ನ ಒಬ್ಬ ಏಜೆಂಟನ ಜೊತೆ ಮಾತಾಡಿದ್ದಾನೆ. ಮೇಲಿನ ರೂಮಿಗೆ ಬಣ್ಣ ಹೊಡೆಸಿದ್ದಾನೆ, ನನಗೆ ಇಷ್ಟವಾದ ಹಳದಿ.

"ಅಣ್ಣ, ನಿನಗೆ ಯಾಕೆ ಇಷ್ಟು ಹೆದರಿಕೆ?" ಎಂದು ಕೇಳಿದೆ.

ಅವನು ಎಲೆಯ ಮೇಲಿನ ಒಬ್ಬಟ್ಟನ್ನು ಮುರಿದ, ತಿನ್ನಲಿಲ್ಲ.

"ಅಪ್ಪನಿಗೆ ಆ ಮನೆ ಬೇಡ ಅಂತ ಇತ್ತು," ಅಂದ. "ಸ್ಕೂಲಿಗೆ ಹತ್ರ ಆಗತ್ತೆ ಅಂತ ಹಟ ಮಾಡಿದ್ದು ನಾನು. ನನಗೋಸ್ಕರ ಹೋದ್ವಿ."

ಅತ್ತಿಗೆ ಬಡಿಸುವ ಕೈ ನಿಲ್ಲಿಸಿದರು. ಇಷ್ಟು ವರ್ಷದಲ್ಲಿ ಅವರೂ ಇದನ್ನು ಕೇಳಿರಲಿಲ್ಲ ಅನ್ನಿಸುತ್ತದೆ. ಹೈಸ್ಕೂಲಿನ ಹುಡುಗ ಅಂದಿನಿಂದ ಒಂದು ರಸ್ತೆಯನ್ನು ಎದೆಯ ಮೇಲೆ ಹೊತ್ತುಕೊಂಡು ತಿರುಗಿದ್ದಾನೆ. ಹೇಳಿಬಿಟ್ಟೆ; ಅದನ್ನು ಆಗ ಹೇಳದಿದ್ದರೆ ಮುಂದೆ ಯಾವತ್ತೂ ಹೇಳುತ್ತಿರಲಿಲ್ಲ.

"ಅಪ್ಪ ಹೋಗಿದ್ದು ಎದೆನೋವಿಂದ. ಅವತ್ತಿನ ಕಾಗದಗಳನ್ನ ಅಮ್ಮ ಇಟ್ಟಿದ್ರು, ಡಾಕ್ಟರಾದ ಮೇಲೆ ನಾನು ಓದಿದ್ದೀನಿ. ಆ ಮನೆಗೆ ಹೋಗೋ ಮುಂಚೆನೇ ಅಪ್ಪನಿಗೆ ಎದೆ ಹಿಡ್ಕೊಳ್ತಿತ್ತು. ಮೆಟ್ಟಿಲು ಹತ್ತಿದ್ರೆ ನಿಲ್ತಿದ್ರು, ನೆನಪಿದ್ಯಾ? ದಿನಕ್ಕೆ ಎಷ್ಟು ಸಿಗರೇಟು ಸೇದ್ತಿದ್ರು ನಿನಗೆ ಗೊತ್ತು, ಅಂಗಡಿಯಿಂದ ತರ್ತಿದ್ದೋನೇ ನೀನು. ಯಾವ ಮನೆಗೆ ಹೋಗಿದ್ರೂ ಅಷ್ಟೇ ಆಗ್ತಿತ್ತು. ರಸ್ತೆ ಏನೂ ಮಾಡಲಿಲ್ಲ. ನೀನೂ ಏನೂ ಮಾಡಲಿಲ್ಲ."

ಅವನು ಮುರಿದ ಒಬ್ಬಟ್ಟನ್ನು ಇನ್ನಷ್ಟು ಚೂರು ಮಾಡಿದ.

"ಅಂಕಲ್ ಅಮ್ಮನಿಗೆ ಸಮಾಧಾನ ಹೇಳೋಕೆ ಏನೋ ಅಂದ್ರು. ಅದನ್ನ ಇಟ್ಕೊಂಡು ನೀನು ಸಣ್ಣಗಾಗ್ತಾ ಕೂತ್ಕೊಂಡ್ರೆ ನಾನೂ ಜೊತೆಗೆ ಕೂತ್ಕೊಬೇಕಾ? ಆ ಮನೆ ನಾನು ಮಾರಲ್ಲ. ಆ ಹಳದಿ ರೂಮು ಬಹಳ ಚೆನ್ನಾಗಿದೆ. ರಜಾ ಬಂದಾಗೆಲ್ಲ ಬಂದು ಇರ್ತೀನಿ. ನೀನು ನನ್ನ ಮನೆಗೆ ಬರದೇ ಇದ್ರೂ ಬರ್ತೀನಿ. ಬರಬೇಡ ಅಂದ್ರೂ ಬರ್ತೀನಿ. ತವರು ನೀನೊಬ್ಬನೇ ಕೊಡೋದಲ್ಲ, ನಾನೂ ಹಿಡ್ಕೊಂಡಿರೋದು."

ಅಣ್ಣ ಎದ್ದು ಹೋಗಿ ಕೈ ತೊಳೆದುಕೊಂಡ. ನಲ್ಲಿ ಬಹಳ ಹೊತ್ತು ಹರಿಯಿತು. ವಾಪಸು ಬಂದು, "ಒಬ್ಬಟ್ಟಿಗೆ ತುಪ್ಪ ಹಾಕ್ಕೋ," ಅಂದ. ಮನೆಯ ಮಾತು ಮತ್ತೆ ಎತ್ತಲಿಲ್ಲ. ಒಪ್ಪಿದ ಅಂತಲೂ ಹೇಳಲಿಲ್ಲ. ಏರ್‌ಪೋರ್ಟಿಗೆ ಬಿಡಲು ಬಂದಾಗ, ಸಿಗ್ನಲ್ ಒಂದರಲ್ಲಿ ಕಾದು ನಿಂತಿದ್ದಾಗ, "ಹೊಸ ಅಂಚೆ ಪೆಟ್ಟಿಗೆಗೆ ಕಾಂಕ್ರೀಟ್ ಹಾಕ್ಸು, ಬರೀ ಮಣ್ಣಲ್ಲಿ ಹೂಳ್ಬೇಡ," ಅಂದ. ಅಷ್ಟೆ.

ಪರ್ತ್‌ಗೆ ಬಂದು ನಾನು ಎಂದಿನ ಹಾಗೆ ಇದ್ದೆ. ಸಂಜೆ ಎರಡೂ ಬಾಗಿಲು ತೆಗೆಯುವುದು ನಡೆದೇ ಇದೆ. ಕ್ಲಿನಿಕ್ಕಿನಿಂದ ಬರುವುದು ತಡವಾದರೆ ಅಜ್ಜಿ ಬಂದು ತೆಗೆದಿರುತ್ತಾರೆ. ಅವರಿಗೊಂದು ಬೀಗದ ಕೈ ಕೊಟ್ಟಿದ್ದೇನೆ. ಇದನ್ನು ಕೇಳಿದ ಕೆಲವರು, "ಡಾಕ್ಟರಾಗಿ ನೀವೂ ಹೀಗಾ?" ಅನ್ನುತ್ತಾರೆ. ಇನ್ನು ಕೆಲವರು, "ಅಂಥ ಮನೆಯಲ್ಲಿ ಧೈರ್ಯವಾಗಿ ಹೇಗಿದ್ದೀರಾ?" ಅನ್ನುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಹಾದು ಹೋಗುವವರಿಗೆ ದಾರಿ ಬಿಡುತ್ತೇನೆ, ನಾನು ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಅತ್ತಿಗೆ ಒಬ್ಬರೇ ಬ್ರಿಸ್ಬೇನ್‌ನಿಂದ ವಿಮಾನ ಹತ್ತಿ ಬಂದರು. ನನಗೆ ಮೊದಲೇ ಹೇಳಿರಲಿಲ್ಲ. ಟ್ಯಾಕ್ಸಿ ರಸ್ತೆಯ ಆ ತುದಿಯಿಂದ ಬರುವಾಗಲೇ ಕಂಡಿತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮನೆಯ ಎಲ್ಲ ಕೋಣೆಗಳನ್ನೂ ನೋಡಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು. ಹನ್ನೆರಡು ದಿನ ಇದ್ದರು. ಅಣ್ಣ ಪ್ರತಿ ಸಂಜೆ ಫೋನ್ ಮಾಡಿ ಊಟ ಆಯಿತಾ ಎಂದು ಇಬ್ಬರನ್ನೂ ಕೇಳುತ್ತಿದ್ದ.